ಶಾಲು ಬೇಡ, ರಜೆ ಕೊಡಿ

ಇವತ್ತು ಸಂಜೆ ಒಂದು ಸನ್ಮಾನ ನೋಡಿ ಬಂದೆ. ಹೊಟ್ಟೆ ಉರಿಯುತ್ತಿದೆ. ಊಟ ಮಾಡಿ ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಊಟ ಆಯಿತು, ಸಿಟ್ಟು ಇಳಿಯಲಿಲ್ಲ. ಹಾಗಾಗಿ ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ಸನ್ಮಾನ ಆದದ್ದು ನನ್ನ ಗೆಳತಿಗೆ. ಗೆಳತಿ ಅಂದರೂ ನಾನು ಕರೆಯುವುದು ಅಕ್ಕ ಅಂತಲೇ, ಐವತ್ತು ದಾಟಿದವರು. ಉಡುಪಿ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ. ದಿನವಿಡೀ ನಿಂತೇ ಇರಬೇಕು. ಈ ಸಲ ಬಿ.ಎ. ಮುಗಿಸಿದರು, ಅದೂ ಫಸ್ಟ್ ಕ್ಲಾಸಿನಲ್ಲಿ. ಇಬ್ಬರದ್ದೂ ದೂರಶಿಕ್ಷಣ, ಭಾನುವಾರದ ಕಾಂಟ್ಯಾಕ್ಟ್ ಕ್ಲಾಸಿನಲ್ಲಿ ನಮಗೆ ಪರಿಚಯ. ಅವರದ್ದು ಬಿ.ಎ., ನನ್ನದು ಬಿ.ಕಾಂ. ಆದರೂ ಕನ್ನಡ, ಇಂಗ್ಲಿಷ್ ಕ್ಲಾಸಿಗೆ ಒಟ್ಟಿಗೆ ಕೂರುತ್ತಿದ್ದೆವು.

ಊರಿನ ಸಂಘದವರು ವೇದಿಕೆಗೆ ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನ ಪತ್ರ. ನಿರೂಪಕರು ಆ ಪತ್ರವನ್ನು ಯಕ್ಷಗಾನದ ಅರ್ಥಗಾರಿಕೆಯ ಗತ್ತಿನಲ್ಲಿ ಓದಿದರು. ಅಲ್ಲಿವರೆಗೆ ನನಗೆ ಖುಷಿಯೇ. ಆಮೇಲೆ ಮುಖ್ಯ ಅತಿಥಿ ಎದ್ದು ನಿಂತರು. ಯಾರು ಅಂತೀರಿ? ಅಕ್ಕನ ಅಂಗಡಿಯ ಧಣಿ.

"ಸಾಧನೆಗೆ ವಯಸ್ಸು ಅಡ್ಡಿಯಲ್ಲ ಅಂತ ತೋರಿಸಿಕೊಟ್ಟಿದ್ದಾರೆ. ಇವರು ನಮ್ಮ ಸಂಸ್ಥೆಯ ಹೆಮ್ಮೆ." ಚಪ್ಪಾಳೆ.

ವಯಸ್ಸು ಅಡ್ಡಿ ಅಂತ ಇವರಿಗೆ ಯಾರು ಹೇಳಿದ್ದು? ಅಡ್ಡಿಯಾದದ್ದು ಇವರೇ. ಅಕ್ಕನಿಗೆ ಪರೀಕ್ಷೆಗೆಂದು ಈ ಮನುಷ್ಯ ಒಂದು ದಿನ ರಜೆ ಕೊಟ್ಟವರಲ್ಲ. ಪರೀಕ್ಷೆ ಮಧ್ಯಾಹ್ನ ಇದ್ದರೆ ಬೆಳಿಗ್ಗೆ ಅಂಗಡಿಗೆ ಬಂದು, ಗಿರಾಕಿಗಳು ಬಿಡಿಸಿ ಹಾಕಿದ ಸೀರೆಗಳನ್ನೆಲ್ಲ ಮಡಚಿಟ್ಟು, ಊಟ ಬಿಟ್ಟು ಓಡಬೇಕಿತ್ತು. ಬರೆದು ಮುಗಿಸಿ ಮತ್ತೆ ಅಂಗಡಿಗೆ, ಯಾಕೆಂದರೆ ಸಂಜೆ ವ್ಯಾಪಾರ ಜಾಸ್ತಿ. ನಡುವೆ ಹೋದ ಹೊತ್ತಿಗೆ ಅರ್ಧ ದಿನದ ಸಂಬಳ ಕಟ್. ಇವತ್ತು ಹೊದಿಸಿದ ಶಾಲು ಅದೇ ಅಂಗಡಿಯದ್ದು. ಅಕ್ಕ ನೋಡಿದ ಕೂಡಲೇ ರೇಟು ಗುರುತು ಹಿಡಿದಿರುತ್ತಾರೆ.

ನಾನು ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿದ್ದವರು ನನ್ನನ್ನು ಹೊಟ್ಟೆಕಿಚ್ಚಿನವಳು ಅಂದುಕೊಂಡಿರಬೇಕು. ಇರಲಿ. ಅದೂ ಸ್ವಲ್ಪ ಉಂಟು, ನನ್ನದು ಇನ್ನೂ ಮುಗಿದಿಲ್ಲ ನೋಡಿ.

ನನ್ನ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಅಪ್ಪ ಹಾಸಿಗೆ ಹಿಡಿದರು, ನಾನು ಎರಡನೇ ಬಿ.ಕಾಂ.ಗೆ ಕಾಲೇಜು ಬಿಟ್ಟು ಲೆಕ್ಕ ಬರೆಯಲು ಕೂತೆ. ಈಗಿನ ಮಕ್ಕಳಿಗೆ ಒಂದು ಅನುಕೂಲ ಉಂಟು. 2021ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ, ಕ್ರೆಡಿಟ್ ಬ್ಯಾಂಕ್ ಅಂತ ಮಾಡಿತು. ಓದು ನಡುವೆ ನಿಂತರೂ ಪಾಸಾದ ವಿಷಯಗಳಿಗೆ ಸಿಕ್ಕ ಕ್ರೆಡಿಟ್ ಹೆಚ್ಚೆಂದರೆ 7 ವರ್ಷ ಖಾತೆಯಲ್ಲಿ ಇರುತ್ತದೆ. ನಮ್ಮ ಕಾಲದ ಮಾರ್ಕ್ಸ್ ಕಾರ್ಡು ಇರುವುದು ಗೋದ್ರೇಜ್ ಕಪಾಟಿನಲ್ಲಿ, ಮದುವೆ ಸೀರೆಯ ಅಡಿಯಲ್ಲಿ. ಅದಕ್ಕೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ. ಮೊದಲ ಸೆಮಿಸ್ಟರ್‌ನಿಂದ ಶುರು ಮಾಡಬೇಕಾಯಿತು.

"ಇತ್ತೆ ದಾಯೆಗ್?" ಅಂತ ಕೇಳದವರಿಲ್ಲ. ಈಗ ಯಾಕೆ? ಪ್ರಮೋಷನ್ ಸಿಗುತ್ತದಾ? ಇಲ್ಲ. ಸಂಬಳ ಏರುತ್ತದಾ? ಅದೂ ಇಲ್ಲ. ಜ್ಞಾನಕ್ಕಾಗಿ ಅಂತ ಹೇಳಿದರೆ ಕೇಳಿದವರಿಗೆ ಸಮಾಧಾನ ಆಗುತ್ತದೆ, ಹಾಗಾಗಿ ಸುಮ್ನೆ ಹಾಗೇ ಹೇಳುತ್ತೇನೆ. ನಿಜ ಇಲ್ಲಿ ಬರೆಯುತ್ತೇನೆ. ನಮ್ಮ ಕಡೆಯ ಮದುವೆ ಕಾಗದ ನೋಡಿದ್ದೀರಲ್ಲ, ಹುಡುಗ ಹುಡುಗಿಯ ಹೆಸರಿನ ಮುಂದೆ ಡಿಗ್ರಿ ಹಾಕುತ್ತಾರೆ. ನನ್ನ ಮದುವೆ ಕಾಗದದಲ್ಲಿ ಇವರ ಹೆಸರಿನ ಮುಂದೆ ಬಿ.ಎ. ಅಂತ ಇತ್ತು. "ಹುಡುಗಿಗೆ ಪಿಯುಸಿ ಅಂತ ಹಾಕುವುದಾ?" ಅಂತ ಸೋದರಮಾವ ಕೇಳಿದರು. "ಬೇಡ, ಖಾಲಿ ಬಿಡಿ" ಅಂದರು ಅಮ್ಮ. ಎಷ್ಟು ವರ್ಷ ಕಳೆದರೂ ಆ ಖಾಲಿ ಜಾಗ ನನಗೆ ಚುಚ್ಚುತ್ತದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಬೇಕು ಅನ್ನುವವರು, ನಿಮ್ಮ ಹದಿನೆಂಟರ ಮಗ ಬಿ.ಕಾಂ. ಯಾಕೆ ಸೇರಿದ ಅಂತ ಮೊದಲು ಅವನನ್ನೇ ಕೇಳಿ ಬನ್ನಿ. ಫ್ರೆಂಡ್ಸ್ ಸೇರಿದರು ಅಂತ ಸೇರಿರುತ್ತಾನೆ.

ಇನ್ನು ಈ ಮಹಾ ಅಚ್ಚರಿ ಉಂಟಲ್ಲ, ದೊಡ್ಡವರು ಓದುವುದು. ಅದು ನಮ್ಮ ಜಿಲ್ಲೆಗಳಿಗೆ ಹೊಸತಾ? ಬ್ಯಾಂಕುಗಳು ಹುಟ್ಟಿದ ನೆಲ ಇದು. 1906ರಲ್ಲಿ ಕೆನರಾ, ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಅರ್ಧಕ್ಕರ್ಧ ಮನೆಗಳಲ್ಲಿ ಒಬ್ಬ ಬ್ಯಾಂಕಿನವರು. ನನ್ನ ದೊಡ್ಡಪ್ಪ ಕ್ಲರ್ಕ್ ಆಗಿದ್ದರು. ಎರಡು ಮಕ್ಕಳಾದ ಮೇಲೆ ಬ್ಯಾಂಕ್ ನೌಕರರ ಸಿಎಐಐಬಿ ಪರೀಕ್ಷೆಗೆ ಕೂತರು. ರಾತ್ರಿ ಓದುವಾಗ ದೊಡ್ಡಮ್ಮ ಚಾ ಮಾಡಿ ಕೊಡುತ್ತಿದ್ದರು, ನಾವು ಮಕ್ಕಳು ಗಲಾಟೆ ಮಾಡಿದರೆ ಬೈಗುಳ. "ಈ ಪ್ರಾಯದಲ್ಲಿ ಯಾಕೆ" ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ಪಾಸಾದರೆ ಇನ್‌ಕ್ರಿಮೆಂಟ್ ಇತ್ತು. ಡಿಗ್ರಿ ಇಲ್ಲದೆ ಸೇರಿದ ಕ್ಲರ್ಕ್ ಆಮೇಲೆ ಡಿಗ್ರಿ ಮಾಡಿದರೂ ಇನ್‌ಕ್ರಿಮೆಂಟ್. ಪರೀಕ್ಷೆ ಅಂದರೆ ರಜೆ. ಶಾಲೆ ಮಾಸ್ತರರು ಅಂಚೆಯಲ್ಲಿ ಪಾಠ ತರಿಸಿ ಎಂ.ಎ. ಮಾಡಿದ್ದನ್ನೂ ನೋಡಿದ್ದೇವೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತ್ತು, 1996ರಲ್ಲಿ ಅದೇ ಬೆಳೆದು ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ಮಂಗಳೂರಿನಲ್ಲಿ ಅಲೋಶಿಯಸ್, ಬೆಸೆಂಟ್ ಕಡೆಯವರ ಸಂಜೆ ಕಾಲೇಜುಗಳಲ್ಲಿ ಹಗಲು ದುಡಿದು ಕಲಿತವರು ಎಷ್ಟು ಮಂದಿ ಇಲ್ಲ! ಅವರಿಗೆಲ್ಲ ಯಾರು ಶಾಲು ಹೊದಿಸಿದರು? ಯಾರೂ ಇಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ದೊಡ್ಡಪ್ಪ ಓದಿದರೆ ಮಾಮೂಲು. ಸೀರೆ ಅಂಗಡಿಯ ಹೆಂಗಸು ಓದಿದರೆ ಪವಾಡ, ಮಹಾತಾಯಿ, ಸನ್ಮಾನ ಪತ್ರ. ರಜೆ ಮಾತ್ರ ಇಲ್ಲ.

ಈ ರಜೆ ಭಿಕ್ಷೆ ಅಂತ ಯಾರೂ ತಿಳಿಯಬೇಡಿ. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ ಒಂದು ಉಂಟು, 1961ರದ್ದು. ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ಸಂಬಳದ ರಜೆ ಅಂತ ಅದರಲ್ಲಿ ಬರೆದಿದ್ದಾರೆ. ವರ್ಷಕ್ಕೆ 300 ದಿನ ದುಡಿದರೆ 15 ದಿನ ಆಯಿತು. ಪರೀಕ್ಷೆ ಎಷ್ಟು ದಿನ ಇರುತ್ತದೆ ಮಾರಾಯ್ರೇ? ಲೆಕ್ಕ ಬರೆಯುವವಳು ನಾನು, ಇಷ್ಟು ಕೂಡಿಸಿ ಕಳೆಯಲು ಡಿಗ್ರಿ ಬೇಡ.

"ನಿಮಗೆ ಹೇಳುವುದು ಸುಲಭ, ಸಣ್ಣ ಅಂಗಡಿಯವರ ಕಷ್ಟ ನಿಮಗೆಂತ ಗೊತ್ತು" ಅನ್ನುತ್ತಾರೆ. ಒಪ್ಪುತ್ತೇನೆ, ಜನ ಸಿಗುವುದಿಲ್ಲ, ಬಾಡಿಗೆ ಜಾಸ್ತಿ, ಆನ್‌ಲೈನ್‌ನವರು ವ್ಯಾಪಾರ ತಿಂದು ಹಾಕಿದ್ದಾರೆ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರ ಮೇಲೆ ಭಾರ. ಎಲ್ಲ ಸರಿ. ಆದರೆ ಅದೇ ಸಣ್ಣ ಅಂಗಡಿಯಲ್ಲಿ "ಮನೆಯಲ್ಲಿ ನೇಮ ಉಂಟು" ಅಂತ ಹೇಳಿ ನೋಡಿ. ಎರಡನೇ ಮಾತಿಲ್ಲ. ದೈವದ ಕೆಲಸಕ್ಕೆ ರಜೆ ಇಲ್ಲ ಅನ್ನುವ ಧಣಿ ನಮ್ಮ ಊರಲ್ಲಿ ಇನ್ನೂ ಹುಟ್ಟಿಲ್ಲ. "ಹೋಗಿ ಬಾ, ಗಂಧ ಪ್ರಸಾದ ತಾ" ಅಂತಾರೆ. ಆ ದಿನ ಅಂಗಡಿ ಹೇಗೆ ನಡೆಯುತ್ತದೆ? ನಡೆಯುತ್ತದೆ. ನಾಗರಪಂಚಮಿಗೆ ಮೂಲಸ್ಥಾನಕ್ಕೆ ಹೋದರೂ ನಡೆಯುತ್ತದೆ, ಹರಕೆಯ ಯಕ್ಷಗಾನ ಆಟ ನೋಡಿ ಬೆಳಗಿನ ಜಾವ ಮನೆಗೆ ಬಂದು ಮಲಗಿದರೂ ನಡೆಯುತ್ತದೆ. ಪರೀಕ್ಷೆಗೆ ಹೋದರೆ ಮಾತ್ರ ವ್ಯಾಪಾರ ಮುಳುಗಿಹೋಗುತ್ತದೆ.

ಹಾಗಾಗಿ ನಾನೂ ದೈವವನ್ನೇ ನಂಬಿದೆ. ಅರ್ಥಶಾಸ್ತ್ರದ ಪೇಪರ್ ಇದ್ದ ದಿನ ನಮ್ಮ ಮನೆಯಲ್ಲಿ ತಂಬಿಲ, ಅಂದರೆ ದೈವಕ್ಕೆ ಪೂಜೆ. ಕಾಸ್ಟ್ ಅಕೌಂಟಿಂಗ್ ದಿನವೂ ತಂಬಿಲ. ಆ ವರ್ಷ ನಮ್ಮ ಕುಟುಂಬದಲ್ಲಿ ತಂಬಿಲ ಸ್ವಲ್ಪ ಜಾಸ್ತಿಯೇ ಆಯಿತು. ಒಮ್ಮೆ ನಾನು ಲೆಕ್ಕ ಬರೆಯುವ ಅಂಗಡಿಯ ಧಣಿ "ಪ್ರಸಾದ ಎಲ್ಲಿ?" ಅಂತ ಕೇಳಿದರು. ದಾರಿಯಲ್ಲಿ ಇಳಿದು ಕ್ಯಾಂಡಿ ಬಾಳೆಹಣ್ಣು ತಂದಿದ್ದೆ, ಅದನ್ನೇ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ತಿಂದರು. ನನ್ನ ಮನೆಯ ದೈವ ಇದನ್ನು ಕ್ಷಮಿಸಿದೆ ಅಂತ ನನ್ನ ನಂಬಿಕೆ, ಪೇಪರ್ ಪಾಸಾಯಿತಲ್ಲ.

ಮಳೆಯ ವಿಷಯ ಬೇರೆ. ರೆಡ್ ಅಲರ್ಟ್ ಬಂದರೆ ರಾತ್ರಿಯೇ ಎಲ್ಲರೂ ಮೊಬೈಲ್ ಹಿಡಿದು ಡಿಸಿ ರಜೆಗೆ ಕಾಯುವುದು. ಮಗಳು ಕುಣಿಯುತ್ತಾಳೆ. ನಾನು ದೇವರ ದೀಪದ ಎದುರು ನಿಂತು ಮಳೆ ನಿಲ್ಲಲಿ ಅಂತ ಬೇಡುತ್ತೇನೆ. ಒಮ್ಮೆ ಮಳೆಗೆ ಪೇಪರ್ ಮುಂದೆ ಹೋಯಿತು. ಹದಿನೆಂಟರ ಹುಡುಗರಿಗೆ ಓದಲು ಇನ್ನೊಂದು ವಾರ ಸಿಕ್ಕಿತು. ನನಗೆ ಒಂದು ತಂಬಿಲ ವ್ಯರ್ಥ.

ಇವತ್ತು ಭಾಷಣದಲ್ಲಿ ಇನ್ನೊಂದು ಮಾತು ಬಂತು, ಅದನ್ನು ಬಿಟ್ಟರೆ ನನಗೆ ನಿದ್ರೆ ಬರುವುದಿಲ್ಲ. "ಡಿಗ್ರಿಯೇ ಎಲ್ಲ ಅಲ್ಲ. ಕಾರಂತರು ಕಾಲೇಜು ಬಿಟ್ಟವರು. ಹಾಜಬ್ಬರು ಶಾಲೆಗೇ ಹೋಗಿಲ್ಲ, ಪದ್ಮಶ್ರೀ ಬರಲಿಲ್ಲವಾ?" ಡಿಗ್ರಿ ಮಾಡಿದವರ ಸನ್ಮಾನದಲ್ಲೇ ಇದನ್ನು ಹೇಳುವ ಧೈರ್ಯಕ್ಕೆ ಬೇರೆ ಶಾಲು ಹೊದಿಸಬೇಕು. ಸ್ವಾಮೀ, ಕಾರಂತರು ಗಾಂಧೀಜಿ ಕರೆಗೆ ಕಾಲೇಜು ಬಿಟ್ಟರು, ಸೀರೆ ಮಡಚಲು ಅಲ್ಲ. ಇನ್ನು ಹರೇಕಳ ಹಾಜಬ್ಬರು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಇಂಗ್ಲಿಷಿನಲ್ಲಿ ರೇಟು ಕೇಳಿದರು, ಉತ್ತರ ಕೊಡಲು ಆಗಲಿಲ್ಲ. ಅದಕ್ಕೆ ಅವರು "ಓದಿ ಎಂತ ಆಗಬೇಕು" ಅಂದರಾ? ಬುಟ್ಟಿ ಹೊತ್ತು ಕೂಡಿಟ್ಟ ದುಡ್ಡಿನಲ್ಲಿ ಹರೇಕಳದ ನ್ಯೂಪಡ್ಪಿನಲ್ಲಿ ಶಾಲೆ ಕಟ್ಟಿದರು. 2020ರ ಪದ್ಮಶ್ರೀ ಬಂದದ್ದು ಆ ಶಾಲೆಗಾಗಿ. ಓದು ಬೇಡ ಅನ್ನುವುದಕ್ಕೆ ಅವರನ್ನು ಸಾಕ್ಷಿ ಕರೆಯುವವರು ಒಮ್ಮೆ ಹರೇಕಳಕ್ಕೆ ಹೋಗಿ ಅವರ ಎದುರೇ ಹಾಗೆ ಹೇಳಿ ನೋಡಲಿ.

"ಕರೆಸ್ಪಾಂಡೆನ್ಸ್ ಡಿಗ್ರಿಗೆ ಬೆಲೆ ಇಲ್ಲ" ಅನ್ನುವವರದ್ದು ಇನ್ನೊಂದು ಗುಂಪು. ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿಯೂ ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿಯೂ ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಒಂದು ಸಂತೋಷದ ವಿಷಯವನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಬರೀ ಜಗಳಗಂಟಿ ಅಂತ ಆಗುತ್ತದೆ. ಜಿಎಸ್‌ಟಿ ಪೇಪರ್ ಓದುವಾಗ ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. 2017ರ ಜುಲೈ 1ರಿಂದ ಅದರೊಟ್ಟಿಗೇ ಸಂಸಾರ ಮಾಡುತ್ತಿದ್ದೇನೆ. ಪುಸ್ತಕದಲ್ಲಿ ನೋಡಿದರೆ "ಜಿಎಸ್‌ಟಿಯ ಅನುಕೂಲಗಳನ್ನು ವಿವರಿಸಿ" ಅಂತ ಪ್ರಶ್ನೆ. ರಿಟರ್ನ್ ಹಾಕುವ ಕೊನೆಯ ದಿನ, ಇಪ್ಪತ್ತನೇ ತಾರೀಕು ರಾತ್ರಿ, ಪೋರ್ಟಲ್ ತಿರುಗುತ್ತಾ ತಿರುಗುತ್ತಾ ನಿಂತದ್ದನ್ನು ನೋಡಿದವರ ಹತ್ತಿರ ಅನುಕೂಲ ಕೇಳುವುದಾ? ಆದರೂ ಬರೆದೆ, ಎಂಟು ಪಾಯಿಂಟ್. ಕ್ಲಾಸಿನ ಹುಡುಗಿಯರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆಯುವುದು) ಹೇಳಿಕೊಟ್ಟದ್ದೂ ನಾನೇ. ನಮ್ಮ ಅಂಗಡಿಯ ಸಿಮೆಂಟ್ ಬಿಲ್ ಇಟ್ಟುಕೊಂಡು ವಿವರಿಸಿದೆ, ಒಂದು ಗಂಟೆಯಲ್ಲಿ ತಲೆಗೆ ಹೋಯಿತು. "ಆಂಟಿ, ನೀವೇ ಕ್ಲಾಸ್ ತಗೊಳ್ಳಿ" ಅಂದರು. ಆಂಟಿ ಅಂದದ್ದಕ್ಕೆ ಬೇಜಾರಾಗಲಿಲ್ಲ. ಪ್ರೇರಣೆ ಅಂತ ಕರೆದಿದ್ದರೆ ಆಗುತ್ತಿತ್ತು.

ಸನ್ಮಾನ ಮುಗಿದ ಮೇಲೆ ಅಕ್ಕನನ್ನು ಮಾತಾಡಿಸಲು ವೇದಿಕೆಯ ಹಿಂದೆ ಹೋದೆ. "ಇನ್ನು ಎಂ.ಎ. ಮಾಡ್ತೀರಾ ಅಕ್ಕ?" ಅಂತ ಕೇಳಿದೆ. "ಆಸೆ ಉಂಟು. ರಜೆ ಕೇಳಬೇಕಲ್ಲ" ಅಂದರು. ಅಷ್ಟರಲ್ಲಿ ಧಣಿ ಆ ಕಡೆಯಿಂದ ಬಂದರು. ಫೋಟೋ ಚೆನ್ನಾಗಿ ಬಂದಿದೆ, ಅಂಗಡಿಯ ಪೇಜಿಗೆ ಹಾಕುತ್ತೇವೆ, ನಾಳೆ ಸ್ವಲ್ಪ ಬೇಗ ಬನ್ನಿ, ಹೊಸ ಸ್ಟಾಕ್ ಬರುತ್ತದೆ ಅಂದರು. ಅಕ್ಕ "ಆಯಿತು" ಅಂದರು. ನಾನು ಎಂತದೋ ಹೇಳಲು ಬಾಯಿ ತೆರೆದೆ, ಅಕ್ಕ ಕೈ ಅದುಮಿದರು. ಅದಕ್ಕೇ ಇಷ್ಟೆಲ್ಲ ಇಲ್ಲಿ ಕಕ್ಕಿದ್ದು.

ನನ್ನ ಧಣಿ ಫೇಸ್‌ಬುಕ್‌ನಲ್ಲಿ ಇಲ್ಲ, ಆದರೆ ಅವರ ಮಗಳು ನನ್ನ ಫ್ರೆಂಡ್ ಲಿಸ್ಟಿನಲ್ಲಿ ಇದ್ದಾಳೆ. ಮಗಾ, ಇದನ್ನು ಅಪ್ಪನಿಗೆ ಓದಿ ಹೇಳು. ತಂಬಿಲದ ಭಾಗವನ್ನೂ ಓದು, ಪರವಾಗಿಲ್ಲ. ಮುಂದಿನ ತಿಂಗಳು 19 ಮತ್ತು 20ಕ್ಕೆ ನನಗೆ ಪೇಪರ್ ಉಂಟು. ಜಿಎಸ್‌ಟಿಯ 3ಬಿ ರಿಟರ್ನ್ 18ಕ್ಕೇ ಹಾಕಿ ಮುಗಿಸಿರುತ್ತೇನೆ, ಚಲನ್ ಮೇಜಿನ ಮೇಲೆ ಇಡುತ್ತೇನೆ. ಆ ಎರಡು ದಿನ ನಾನು ಬರುವುದಿಲ್ಲ. ರಜೆ ಅರ್ಜಿ ನಾಳೆ ಬೆಳಿಗ್ಗೆ ಕೊಡುತ್ತೇನೆ, ಕಾರಣದ ಜಾಗದಲ್ಲಿ ಪರೀಕ್ಷೆ ಅಂತಲೇ ಬರೆದಿದ್ದೇನೆ.