ಎಕ್ಸ್‌ಎಲ್ ಅಂದ್ರೆ ಕಾಯಿಲೆ ಅಲ್ಲ

"ಕುರ್ತಾ ಸೈಜ್ ಎಲ್‌ನಿಂದ ಎಕ್ಸ್‌ಎಲ್‌ಗೆ ಹೋಯ್ತಾ? ಶುಗರ್, ಬಿಪಿ ಬಂತು ಅಂತಲೇ ಲೆಕ್ಕ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ನನ್ನ ಬೀರುವಿನಲ್ಲಿರುವ ಮೂರು ಕುರ್ತಾಗಳನ್ನು ಟೇಪ್ ಹಿಡಿದು ಅಳೆದೆ. ಒಂದರ ಕತ್ತಿನ ಪಟ್ಟಿಯಲ್ಲಿ ಎಂ, ಇನ್ನೊಂದರಲ್ಲಿ ಎಲ್, ಮತ್ತೊಂದರಲ್ಲಿ ಎಕ್ಸ್‌ಎಲ್. ಮೂರರ ಎದೆ ಸುತ್ತಳತೆಯೂ 40 ಇಂಚೇ! ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ನಮ್ಮವರ ಮೈಕಟ್ಟಿಗೆ ಹೊಂದುವ ಅಳತೆಪಟ್ಟಿ ಬೇಕೆಂದೇ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ 'ಇಂಡಿಯಾಸೈಜ್' ಹೆಸರಲ್ಲಿ ಜನರನ್ನು 3ಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಕೆಲಸಕ್ಕೆ ಕೈ ಹಾಕಿತು.

ಅಗಲ ಭುಜ, ಬಾಣಂತನ, ವಯಸ್ಸು, ಸೈಜ್ ಏರಲು ಕಾರಣ ಹಲವು. ಡಾಕ್ಟರ್ ಬಟ್ಟೆಯ ಪಟ್ಟಿ ನೋಡುವುದಿಲ್ಲ, ಸೊಂಟದ ಸುತ್ತಳತೆ ನೋಡುತ್ತಾರೆ. ಭಾರತೀಯರಲ್ಲಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಶುಗರ್, ಹೃದಯದ ತೊಂದರೆಯ ಅಪಾಯ ಜಾಸ್ತಿ. ಎಂ ಸೈಜ್ ಹಾಕುವವರಿಗೂ ಹೊಟ್ಟೆಯ ಬೊಜ್ಜು ಇರಬಹುದು. "ನಾನು ಸಣ್ಣಗಿದ್ದೀನಲ್ವಾ" ಎಂದು ಅವರು ಪರೀಕ್ಷೆಯನ್ನೇ ಮಾಡಿಸದಿದ್ದರೆ?

ನನಗೆ ಸಂಕಟವಾಗುವುದು ಹದಿಹರೆಯದ ಹುಡುಗಿಯರ ಬಗ್ಗೆ. ಬೆಳೆಯುವ ಮೈ ಅದು, ಸೈಜ್ ಬದಲಾಗಲೇಬೇಕು. ಈ ಮೆಸೇಜ್ ಓದಿ ಸುಮ್ನೆ ಹೆದರಿ ರಾತ್ರಿ ಊಟ ಬಿಡುತ್ತಾರೆ. ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ.