ಬಾಣಂತಿ ಕೋಣೆಯ ಯುದ್ಧವಿಮಾನ

ಒಂದೇ ಜೋಡಿ ರೆಕ್ಕೆಯ ವಿಮಾನದ ಮಾದರಿಯನ್ನು ಯಾರು ಬೇಕಾದರೂ ಜೋಡಿಸಿಯಾರು. ಮೇಲೊಂದು ಕೆಳಗೊಂದು ರೆಕ್ಕೆ ಇರುವ ಹಳೇ ಕಾಲದ ವಿಮಾನಕ್ಕೆ ಬೇರೆಯೇ ಗುಂಡಿಗೆ ಬೇಕು. ಕೆಳಗಿನ ರೆಕ್ಕೆ ಪಾಪ, ವಿಮಾನದ ಹೊಟ್ಟೆಗೆ ಅಂಟಿಕೊಂಡು ಸುಮ್ನೆ ಇರುತ್ತದೆ. ಮೇಲಿನದು ಹಾಗಲ್ಲ, ಅದು ಕಡ್ಡಿಗಳ ಮೇಲೆ ನಿಲ್ಲಬೇಕು. ನಡುವೆ ನಾಲ್ಕು ಕಡ್ಡಿ, ಆ ಕಡೆ ಎರಡು, ಈ ಕಡೆ ಎರಡು. ಎಂಟೂ ಒಂದೇ ಹೊತ್ತಿಗೆ ತಮ್ಮ ತಮ್ಮ ತೂತಿನಲ್ಲಿ ಕೂತರೆ ರೆಕ್ಕೆ ನಿಂತಿತು. ಏಳು ಕೂತವು ಅಂತ ಎಂಟನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲನೆಯದು ಎದ್ದು ಹೊರಟಿರುತ್ತದೆ. ಮುನಿಸಿಕೊಂಡ ಬೀಗರನ್ನು ಒಂದೇ ಪಂಕ್ತಿಗೆ ಕೂರಿಸುವುದು ಇದಕ್ಕಿಂತ ಸಲೀಸು.

ನನ್ನ ಮೇಜಿಗೆ ಬಂದಿಳಿದದ್ದು ಸಾಪ್‌ವಿತ್ ಕ್ಯಾಮೆಲ್. ಮೊದಲ ಮಹಾಯುದ್ಧದ ಬ್ರಿಟಿಷ್ ಫೈಟರ್, 1917ರಲ್ಲಿ ಯುದ್ಧಕ್ಕೆ ಇಳಿದದ್ದು. ಮೂಗಿನ ಹಿಂದೆ ಎರಡು ಮಷಿನ್‌ಗನ್, ಅವುಗಳ ಮೇಲೊಂದು ಡುಬ್ಬ. ಆ ಡುಬ್ಬದಿಂದಲೇ ಈ ಒಂಟೆಯ ಹೆಸರು. ಎಂಜಿನ್, ಬಂದೂಕು, ಪೈಲಟ್, ಪೆಟ್ರೋಲ್ ಟ್ಯಾಂಕು ಎಲ್ಲವನ್ನೂ ಮುಂದಿನ 7 ಅಡಿಯೊಳಗೆ ತುರುಕಿದ್ದರು. ಬಲಕ್ಕೆ ತಿರುಗಿಸಿದರೆ ಸರಕ್ಕನೆ ತಿರುಗಿಬಿಡುತ್ತಿತ್ತು. ಕಲಿಯಲು ಬಂದ ಹುಡುಗರು ಬಹಳ ಮಂದಿ ಅದರಲ್ಲೇ ಸತ್ತರು. ಪಳಗಿದವರ ಕೈಯಲ್ಲಿ ಮಾತ್ರ ಶತ್ರುಗಳ ಸುಮಾರು 1,300 ವಿಮಾನ ಹೊಡೆದ ಲೆಕ್ಕ ಅದರ ಹೆಸರಿನಲ್ಲಿದೆ. ಅಸಲಿ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 28 ಅಡಿ. ನನ್ನದು 48ರಲ್ಲಿ ಒಂದು ಪಾಲು, ಅಂದರೆ 7 ಇಂಚು. ಡಬ್ಬದ ಮೇಲಿನ ಚಿತ್ರದಲ್ಲಿ ಮೋಡ, ಹೊಗೆ, ಬೆಂಕಿ, ವೀರಾವೇಶ ಎಲ್ಲಾ ಇತ್ತು. ಡಬ್ಬದೊಳಗೆ ಒಂದಿಷ್ಟು ಬೂದು ಪ್ಲಾಸ್ಟಿಕ್ ತುಂಡುಗಳು.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಸುತ್ತಲೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ಹೊರಗೆ ಇಡೀ ಓಣಿ ಪಿಎಸ್‌ಐ ಆಗಲು ಕಷ್ಟಪಡುತ್ತಿರುವಾಗ ಒಳಗೊಬ್ಬ ಮಧ್ಯವಯಸ್ಕ ಚಿಮಟಿಗೆ ಹಿಡಿದು ಪ್ಲಾಸ್ಟಿಕ್ ಚಕ್ರ ಹುಡುಕುತ್ತಾ ನೆಲದ ಮೇಲೆ ಹರಿದಾಡುವುದು ನೋಡೋರಿಗೆ ಅಷ್ಟೇನೂ ಶೋಭೆಯಲ್ಲ. ಮನೆಗೆ ಬಂದವರೆಲ್ಲ ಕೇಳೋದು ಒಂದೇ: “ಇದು ಹಾರ್ತೈತೇನ್ರಿ?” ಇಲ್ಲ ಅಂದರೆ ಅವರ ಮುಖದ ಮೇಲೆ ಬರುವ ಕನಿಕರವನ್ನು ನಾನು ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗಲೂ ಕಂಡಿಲ್ಲ.

ಕೇಳದೆ ಇದ್ದವಳು ಅವ್ವ ಒಬ್ಬಳೇ. ಅವಳಿಗೆ ಹಾರೋದಕ್ಕಿಂತ ಎಂಜಿನ್ನಿನ ಮೇಲೆ ಕಣ್ಣು.

“ಇದ್ಯಾಕ ಹೂವಿನಂಗ ಸುತ್ತಲೂ ಹರಡೈತಿ?” ಅಂದಳು. ನಾನು ವಿವರಿಸಿದೆ. ಒಂಬತ್ತು ಸಿಲಿಂಡರು. ಈಗಿನ ಎಂಜಿನ್ನುಗಳಂತೆ ಅದು ಒಂದೇ ಕಡೆ ಕೂರುವುದಿಲ್ಲ. ಪಂಖದ ಜೊತೆ ಇಡೀ ಎಂಜಿನ್ನೇ ಗರಗರ ತಿರುಗುತ್ತದೆ. ಅದಕ್ಕೆ ಹಾಕುವ ಎಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗಬಾರದು. ಅದಕ್ಕೇ ಔಡಲೆಣ್ಣೆ ಹಾಕುತ್ತಿದ್ದರು. ಹಾಕಿದ ಎಣ್ಣೆ ವಾಪಸ್ ಬರುವುದಿಲ್ಲ. ಅರ್ಧ ಸುಟ್ಟು ಹೊಗೆಯಾಗಿ, ಹನಿಯಾಗಿ ಹಿಂದಕ್ಕೆ, ಪೈಲಟ್ಟಿನ ಮುಖದ ಮೇಲೆ.

ಅವ್ವ ಕನ್ನಡಕ ತೆಗೆದಳು. “ಅಂದ್ರ ಮೂಗಿನಾಗ, ಬಾಯಾಗ ಎಲ್ಲಾ ಹೋಗ್ತಿತ್ತೇನು?”

“ಹೋಗ್ತಿತ್ತವ್ವಾ.”

“ಮತ್ತ ಮ್ಯಾಲ ಇದ್ದಾಗ ಹೊಟ್ಟಿ?”

ಹೊಟ್ಟೆಯ ಕಥೆಯನ್ನು ಆ ಕಾಲದ ಪೈಲಟ್‌ಗಳ ಬಗ್ಗೆ ಬರೆದವರು ಮುಚ್ಚಿಟ್ಟಿಲ್ಲ. ಹೇಳಿದೆ. ಅವ್ವನಿಗೆ ಸಿಟ್ಟೇ ಬಂತು. “ಔಡಲೆಣ್ಣಿ ಕುಡಿಸಿದ ದಿನ ನಿಮಗ ಶಾಲಿ ಬಿಡಿಸಿ ಮನ್ಯಾಗ ಇಟ್ಕೋತಿದ್ವಿ. ಇವರನ್ನ ಯುದ್ಧಕ್ಕ ಕಳಿಸಿದ್ರ?”

ಅವತ್ತಿನಿಂದ ಅವ್ವ ಈ ವಿಮಾನದ ಸಲಹೆಗಾರಳಾದಳು. ಬೇಡ ಅನ್ನಲು ನನ್ನ ಬಳಿ ಕಾರಣವೂ ಇರಲಿಲ್ಲ. ಯಾಕಂದರೆ ಮುಂದೆ ಹೇಳಿದ್ದೆಲ್ಲ ಅವಳ ಕಪಾಟಿನಿಂದಲೇ ಹೊರಬಂತು. ರೆಕ್ಕೆಗೆ ಏನು ಹೊದಿಸಿದ್ದರು ಅಂದಳು. ಲಿನನ್ ಬಟ್ಟೆ, ಅಗಸೆ ಗಿಡದ ನಾರಿನದು ಅಂದೆ. “ನಮ್ಮ ಅಗಸಿ ಹಿಂಡೀದ?” ಹೌದು, ಅದೇ ಅಗಸೆ. ಬಣ್ಣ ಯಾವುದು ಅಂದಳು. ಪಿಸಿ 10 ಅಂತ ಅದರ ಹೆಸರು, ಹಳದಿ ಮಣ್ಣಿಗೆ ದೀಪದ ಮಸಿ ಬೆರೆಸಿದ್ದು ಅಂದೆ. “ದೀಪದ ಮಸಿ ಅಂದ್ರ ಕಾಡಿಗಿ!” ಕಾಡಿಗೆಗೆ ಹಚ್ಚುವ ದೀಪವೂ ಔಡಲೆಣ್ಣೆಯದೇ. ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಔಡಲೆಣ್ಣಿ, ಕಾಡಿಗಿ, ಅಗಸಿ. “ಇದು ಯುದ್ಧದ ವಿಮಾನೋ, ಬಾಣಂತಿ ಕೋಣಿಯೋ?”

ಬಣ್ಣದ ವಿಷಯಕ್ಕೆ ಬಂದರೆ, ಧಾರವಾಡದಲ್ಲಿ ಬಣ್ಣಕ್ಕೆ ಬರ ಇಲ್ಲ. ಡಿ. ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು ಇದು. ಬರ ಇರೋದು ಈ ಬಣ್ಣ ಇಂಥದ್ದು ಅಂತ ಹೇಳಬಲ್ಲವರಿಗೆ. ಮಸಿ ಎಷ್ಟು, ಮಣ್ಣು ಎಷ್ಟು, ಯಾವ ದ್ರಾವಣದಲ್ಲಿ ಕಲಸಿದರು ಅನ್ನೋದರ ಮೇಲೆ ಪಿಸಿ 10 ಒಮ್ಮೆ ಹಸಿರಿಗೆ ವಾಲುತ್ತದೆ, ಒಮ್ಮೆ ಚಾಕೊಲೇಟಿಗೆ. ವಿಮಾನ ಮಾದರಿಯವರು ಇದರ ಮೇಲೆ ಮಾಡುವ ಜಗಳ ಆಸ್ತಿ ಪಾಲಿನ ಕೋರ್ಟ್ ಕೇಸಿಗಿಂತ ಉದ್ದ. ಅಂಗಡಿಯವನ ಮುಂದೆ ನಿಂತು, “ಕಂದು ಬೇಕು, ಆದ್ರ ಪೂರಾ ಕಂದಲ್ಲ. ಹಸಿರು ಇರಬೇಕು, ಆದ್ರ ಕಾಣಬಾರದು” ಅಂದೆ. ಆತ ಬಹಳ ಮರ್ಯಾದೆಯಿಂದ, “ಸರ, ಮನಿಗೆ ಹೋಗಿ ಅಕ್ಕಾರನ್ನ ಸರಿಯಾಗಿ ಕೇಳ್ಕೊಂಡು ಬರ್ರಿ” ಅಂದ. ಕೊನೆಗೆ ಎರಡು ಟ್ಯೂಬ್ ತಂದು ಮನೆಯಲ್ಲೇ ಕಲಸಿದೆ. ಬಂದದ್ದು ಹಸಿರೂ ಅಲ್ಲ, ಕಂದೂ ಅಲ್ಲ. ಅಂದರೆ ಇತಿಹಾಸಕ್ಕೆ ನಿಷ್ಠವಾಗಿಯೇ ಬಂತು ಅಂತ ನನ್ನ ವಾದ.

ಪೈಲಟ್ ಯಾರು ಅನ್ನೋದರಲ್ಲಿ ನನಗೆ ಗೊಂದಲ ಇರಲಿಲ್ಲ. ಹರ್ದಿತ್ ಸಿಂಗ್ ಮಲಿಕ್. ರಾವಲ್ಪಿಂಡಿಯಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, 1917ರಲ್ಲಿ 28ನೇ ಸ್ಕ್ವಾಡ್ರನ್ ಸೇರಿ ಇದೇ ಕ್ಯಾಮೆಲ್ ಹಾರಿಸಿದ ಸಿಖ್. ಕಾಲಿಗೆ ಗುಂಡು ಬಿದ್ದರೂ ಬದುಕಿ ಬಂದರು. ಆಮೇಲೆ ಫ್ರಾನ್ಸಿಗೆ ಸ್ವತಂತ್ರ ಭಾರತದ ರಾಯಭಾರಿಯೂ ಆದರು. ಪೇಟ ತೆಗೆಯಲು ಒಪ್ಪದೆ, ಪೇಟದ ಮೇಲೆಯೇ ಕೂರುವಂಥ ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡಿದ್ದರು. ಡಬ್ಬದಲ್ಲಿ ಬಂದ ಪೈಲಟ್ಟಿನದು ಸಾದಾ ತಲೆ, ಅರ್ಧ ಸೆಂಟಿಮೀಟರು. ಅದರ ಸುತ್ತ ಎಂ-ಸೀಲ್ ಮೆತ್ತಿ, ಸೂಜಿಯಿಂದ ತಿದ್ದಿ, ಚರ್ಮದ ಬಣ್ಣ ಹಚ್ಚಿ ಹೆಮ್ಮೆಯಿಂದ ಅವ್ವನ ಮುಂದೆ ಹಿಡಿದೆ. ಅವ್ವ ಬೆಳಕಿಗೆ ಹಿಡಿದು ನೋಡಿದಳು. “ಪಾಪ, ಮಂಗನಬಾವು ಬಂದೈತೇನು ಇವಂಗ?” ಅಂದಳು. ಔಡಲೆಣ್ಣೆ ಹೊಗೆ ಕುಡಿದವನಿಗೆ ಬಾವು ಬರೋದು ಅವಳ ಪ್ರಕಾರ ಸಹಜವೇ ಆಗಿತ್ತು.

ರೆಕ್ಕೆಯ ಮೇಲಿನ ಗುರುತು ಅಂಟಿಸುವಾಗಲೂ ಅವಳದೇ ತೀರ್ಪು. ಬ್ರಿಟಿಷರು ಮೊದಲು ತಮ್ಮ ಬಾವುಟವನ್ನೇ ವಿಮಾನಕ್ಕೆ ಬಳಿದಿದ್ದರು. ದೂರದಿಂದ ಅದರ ಕೆಂಪು ಗೆರೆಗಳು ಜರ್ಮನ್ನರ ಶಿಲುಬೆಯಂತೆ ಕಂಡು ಅವರ ಮಂದಿಯೇ ಅವರ ಮೇಲೆ ಗುಂಡು ಹಾರಿಸತೊಡಗಿದರು. ಆಮೇಲೆ ಫ್ರೆಂಚರ ಸುತ್ತು ಗುರುತನ್ನು ಬಣ್ಣ ತಿರುವುಮುರುವು ಮಾಡಿ ತೆಗೆದುಕೊಂಡರು. ಹೊರಗೆ ನೀಲಿ, ನಡುವೆ ಬಿಳಿ, ಒಳಗೆ ಕೆಂಪು. ಇಷ್ಟು ಹೇಳಿ ಮುಗಿಸಿದ ಮೇಲೆ ಅವ್ವ ಅಂದದ್ದು, “ಕುಂಕುಮ ಚಂದ ಇಟ್ಟಾರ.”

ಇನ್ನು ತಂತಿ. ಎರಡು ರೆಕ್ಕೆಯ ನಡುವೆ ಅಡ್ಡಡ್ಡ ಎಳೆದ ತಂತಿಗಳು ಇಲ್ಲದಿದ್ದರೆ ಈ ವಿಮಾನಕ್ಕೆ ಅರ್ಧ ಕಳೆ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಾಡಿದೆ. ಸಿಕ್ಕ ದಾರವೆಲ್ಲ ದಪ್ಪ. ಈ ಅಳತೆಗೆ ಕೂದಲೇ ಸರಿ. ಮನೆಯಲ್ಲಿ ಉದ್ದ ಕೂದಲು ಇರೋದು ಹೆಂಡತಿಗೆ. ಅವಳ ಹಣಿಗೆಯಿಂದ ಒಂದೊಂದೇ ಎಳೆ ಬಿಡಿಸಿ, ಕಾಗದದ ಮೇಲೆ ಉದ್ದದ ಪ್ರಕಾರ ಜೋಡಿಸಿಡುತ್ತಿದ್ದೆ. ಒಂದು ಮುಂಜಾನೆ ಅವಳು ಅದನ್ನು ನೋಡಿ ಬಾಗಿಲಲ್ಲೇ ನಿಂತಳು. “ಏನ್ರೀ ಇದು? ಯಾರಿಗೆ ಮಾಟ ಮಾಡ್ಸಾಕತ್ತೀರಿ?” ವಿಮಾನಕ್ಕೆ ಅಂದೆ. ಆ ಉತ್ತರದಿಂದ ಅವಳ ಅನುಮಾನ ಕಡಿಮೆ ಆಗಲಿಲ್ಲ.

ಎಳೆದು ಕಟ್ಟಿ, ತುದಿಗೆ ಫೆವಿಕ್ವಿಕ್ ಹನಿ ಬಿಟ್ಟ ರಾತ್ರಿ ತಂತಿಗಳು ತಂಬೂರಿಯ ಬಿಗಿಯಲ್ಲಿದ್ದವು. ಬೆಳಗ್ಗೆ ಎದ್ದರೆ ಎಲ್ಲಾ ಜೋತು ಬಿದ್ದಿವೆ. ಮಧ್ಯಾಹ್ನ ಬಿಸಿಲು ಬಂದಾಗ ಮತ್ತೆ ಬಿಗಿ. ಸಂಜೆ ಜಿಟಿಜಿಟಿ ಶುರುವಾದ ಕೂಡಲೇ ಮತ್ತೆ ಸಡಿಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಕೂದಲು ಉದ್ದ ಆಗುತ್ತದೆ, ಒಣಗಿದರೆ ಗಿಡ್ಡ ಆಗುತ್ತದೆ. ಸ್ವಿಟ್ಜರ್ಲೆಂಡಿನ ಸೊಸ್ಸೂರ್ ಅನ್ನುವ ವಿಜ್ಞಾನಿ 1783ರಷ್ಟು ಹಿಂದೆಯೇ ಕೂದಲು ಕಟ್ಟಿ ತೇವ ಅಳೆಯುವ ಉಪಕರಣದ ಬಗ್ಗೆ ಬರೆದಿದ್ದ. ಧಾರವಾಡದ ಶ್ರಾವಣದಲ್ಲಿ ಇನ್ನೊಂದು ಅಂಥದ್ದೇ ತಯಾರಾಯಿತು, ಅಷ್ಟೇ. ಇದರ ಲಾಭ ಮೊದಲು ಹಿಡಿದವಳು ಹೆಂಡತಿ. ಬಟ್ಟೆ ಬಕೆಟ್ ಹಿಡಿದು ಮಾಳಿಗೆಗೆ ಹೋಗುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು ಬಗ್ಗಿ ನೋಡುತ್ತಾಳೆ. ತಂತಿ ಜೋತಿದ್ದರೆ ಬಟ್ಟೆ ಒಳಗಿನ ಹಗ್ಗಕ್ಕೆ, ಬಿಗಿ ಇದ್ದರೆ ಮಾಳಿಗೆಗೆ. ಪಕ್ಕದ ಮನೆಯ ವೈನಿ ಕೂಡ ಈಗ ಗೋಡೆಯಾಚೆಯಿಂದ ಕೇಳುತ್ತಾರೆ, “ವಿಮಾನ ಏನಂತೈತ್ರಿ ಇವತ್ತ?” ಮೊಬೈಲಿನ ಹವಾಮಾನಕ್ಕಿಂತ ಇದೇ ಜಾಸ್ತಿ ಖರೆ ಆಗುತ್ತದೆ ಅಂತ ಅವರ ಅಭಿಪ್ರಾಯ.

ಕೊನೆಯ ಕೆಲಸ ಕೊಳೆ ಮಾಡುವುದು. ಹೊಸದಾಗಿ ಹೊಳೆಯುವ ಯುದ್ಧವಿಮಾನ ಎಲ್ಲೂ ಇರುವುದಿಲ್ಲ, ಅಲ್ವಾ? ಎಂಜಿನ್ನಿನ ಹಿಂದೆ ಹೊಟ್ಟೆಯುದ್ದಕ್ಕೂ ಔಡಲೆಣ್ಣೆಯ ಕಲೆ, ಚಕ್ರದ ಹತ್ತಿರ ಮಣ್ಣು, ಬಂದೂಕಿನ ಮುಂದೆ ಮಸಿ. ಬಣ್ಣದ ಚಾಕ್ ಅರೆದು, ಪುಡಿಯನ್ನು ಸಣ್ಣ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಕೂರಿಸಬೇಕು. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು ಇದೇ. ಕೊಳೆ ಎಷ್ಟು ಚಂದ ಬಂದಿತ್ತೆಂದರೆ, ಗದಗಿನಿಂದ ಬಂದ ಅಕ್ಕ ನಾನು ಚಹಾ ತರಲು ಒಳಗೆ ಹೋದಾಗ ಸೀರೆ ಸೆರಗಿನಿಂದ ಅಷ್ಟನ್ನೂ ಒರೆಸಿಟ್ಟಿದ್ದಳು. “ಎಷ್ಟು ಹೊಲಸು ಹತ್ತಿತ್ತೋ ತಮ್ಮಾ. ಇಷ್ಟು ಖರ್ಚು ಮಾಡಿ ತರ್ತೀರಿ, ಒರೆಸಿ ಇಟ್ಕೋಳಾಕ ಏನ್ ಧಾಡಿ?” ಅವಳ ಸೆರಗಿನ ಮೇಲೆ ಮೊದಲ ಮಹಾಯುದ್ಧದ ಕಲೆಗಳು ಸಾಲಾಗಿ ಕೂತಿದ್ದವು. ಮತ್ತೆ ಕೊಳೆ ಮಾಡಲು ಕೂತೆ. ಈ ಸಲ ಮ್ಯಾಟ್ ವಾರ್ನಿಶ್ ಹೊಡೆದು ಭದ್ರ ಮಾಡಿದೆ.

ಅಕ್ಕ ಹೊಗಳಿದ್ದೂ ಇತ್ತು. ಅದು ಅವ್ವನಿಗೆ ಕಳವಳ ತಂದಿತು. ಎಲ್ಲರ ಕಣ್ಣು ಬಿದ್ದಿದೆ ಅಂತ, ನಾನು ಆಫೀಸಿಗೆ ಹೋದಾಗ ವಿಮಾನದ ಮೂಗಿನ ಬಲಗಡೆ ಕಾಡಿಗೆಯಿಂದ ದೃಷ್ಟಿಬೊಟ್ಟು ಇಟ್ಟಳು. ಕಾಡಿಗೆಯಲ್ಲಿ ಎಣ್ಣೆ ಇರುತ್ತದೆ, ಒಣಗೋ ಜಾತಿಯಲ್ಲ. ಅದು ಇವತ್ತಿಗೂ ಮುಟ್ಟಿದವರ ಬೆರಳಿಗೆ ಹತ್ತುತ್ತದೆ. ಒರೆಸೋಣ ಅಂದರೆ ಅಡಿಯ ಬಣ್ಣವೂ ಬರುತ್ತದೆ. ಮಸಿಯೂ ಸರಿ, ಔಡಲೆಣ್ಣೆಯೂ ಸರಿ, ಎರಡೂ ಆ ಕಾಲದ್ದೇ. ತಕರಾರು ತೆಗೆಯಲು ನನಗೆ ಜಾಗವೇ ಉಳಿಯಲಿಲ್ಲ.

ಖಂಡೆ ಪೂಜೆ ಬಂತು. ಸ್ಕೂಟರು, ಮಿಕ್ಸರು, ಈಳಿಗೆ, ನನ್ನ ಚಿಮಟಿಗೆ ಎಲ್ಲಕ್ಕೂ ವಿಭೂತಿ, ಕುಂಕುಮ ಆಯಿತು. ವಿಮಾನದ ಮುಂದೆ ಅವ್ವ ನಿಂತು ಯೋಚಿಸಿದಳು. ಇದು ಗಾಡಿಯೋ, ಆಯುಧವೋ? ಚಕ್ರ ಇದೆ, ಗಾಡಿ. ಎರಡು ಬಂದೂಕಿದೆ, ಆಯುಧ. ಯಾವುದಕ್ಕೂ ಕೊರತೆ ಆಗಬಾರದು ಅಂತ ಎರಡು ಬೊಟ್ಟು ಇಟ್ಟಳು. ಮ್ಯಾಟ್ ವಾರ್ನಿಶ್ ಎಷ್ಟು ಒರಟು ಅನ್ನೋದು ಆವಾಗ ಗೊತ್ತಾಯಿತು, ಕುಂಕುಮ ಒಳಗೇ ಇಳಿದುಬಿಟ್ಟಿತು. ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು. ಹಣ್ಣು ಚಕ್ರಕ್ಕಿಂತ ಎತ್ತರ. ಅವ್ವ ಬಿಡುವವಳಲ್ಲ, ಹಣ್ಣು ಕೊಯ್ದು ಎರಡು ತೆಳ್ಳನೆ ಹೋಳು ಮಾಡಿ ಚಕ್ರಕ್ಕೊಂದರಂತೆ ಇಟ್ಟಳು.

ಮರುದಿನ ಬನ್ನಿ ಕೊಡಲು ಬಂದ ಹಿಂದಿನ ಓಣಿಯ ಕಾಕಾ ಮೇಜಿನ ಮುಂದೆ ನಿಂತರು. ಕುಂಕುಮ, ಚೆಂಡುಹೂವು, ನಿಂಬೆ ಹೋಳು, ನಡುವೆ ಬಾವು ಬಂದ ಮುಖದ ಮಲಿಕ್. ಎಲ್ಲವನ್ನೂ ನೋಡಿ ಕೇಳಿಯೇಬಿಟ್ಟರು, “ಹಾರ್ತೈತೇನು?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಳಗಿನಿಂದ ಅಂದಳು, “ಹಾರ್ತೈತ್ರಿ. ಔಡಲೆಣ್ಣಿ ತುಟ್ಟಿ ಆಗೈತಿ ಅಂತ ಇಳಿಸೇವಿ.”