ಐನೂರು ವರ್ಷದ ನೆರೆ, ಇನ್ನೂರು ಅಡಿಯ ನೆರೆಹೊರೆ

ಕರುಣಾಳು ನಗರಸಭೆ ಎಂಬ ಪ್ರಶಸ್ತಿಯೊಂದು ಲೋಕದಲ್ಲಿ ಇದ್ದಿದ್ದರೆ ಅದು ಅಮೆರಿಕದ ಟೆಕ್ಸಾಸ್ ರಾಜ್ಯದ ಕ್ಲೆಬರ್ನ್ ಎಂಬ ಊರಿಗೆ ಎಂದೋ ಸಲ್ಲಬೇಕಿತ್ತು. ಫೋರ್ಟ್ ವರ್ತ್ ನಗರಕ್ಕೆ ದಕ್ಷಿಣದಲ್ಲಿರುವ ಈ ಊರಿನ ಸಭಾಸದರು 13 ಮಂದಿಯನ್ನು ಪ್ರವಾಹದಿಂದ, ಶಾಲಾಮಕ್ಕಳ ಕೀಟಲೆಯಿಂದ, ಇಕ್ಕಟ್ಟಿನಿಂದ ಮತ್ತು ಅಕ್ಕಪಕ್ಕದವರ ಮುನಿಸಿನಿಂದ ಒಂದೇ ಏಟಿಗೆ ಕಾಪಾಡಿದರು. ಕಾಪಾಡಿದ ವಿಧಾನ ಬಹಳ ಸರಳ. ಆ 13 ಮಂದಿಗೆ ಊರಿನಲ್ಲಿ ಮನೆಯೇ ಸಿಗದಂತೆ ನೋಡಿಕೊಂಡರು.

ನಡೆದದ್ದು ಹೀಗೆ. 1980ರ ಜುಲೈಯಲ್ಲಿ ಅಲ್ಲಿನ ಫೆದರ್‌ಸ್ಟನ್ ಬೀದಿಯ ಮನೆಯೊಂದು ಮಾರಾಟವಾಯಿತು. ನಾಲ್ಕು ಮಲಗುವ ಕೋಣೆ, ಎರಡು ಬಚ್ಚಲು. ಇನ್ನೊಂದು ಶೌಚಾಲಯ ಸೇರಿಸುವ ಯೋಚನೆಯೂ ಇತ್ತು. ಕೊಂಡವರು ಅದನ್ನು ಕ್ಲೆಬರ್ನ್ ಲಿವಿಂಗ್ ಸೆಂಟರ್ ಎಂಬ ಸಂಸ್ಥೆಗೆ ಬಾಡಿಗೆಗೆ ಕೊಡಲು ಹೊರಟರು. ಬುದ್ಧಿಯ ಬೆಳವಣಿಗೆ ಹಿಂದುಳಿದ 13 ಮಂದಿ ಗಂಡಸರು ಹೆಂಗಸರು ಸಿಬ್ಬಂದಿಯ ನಿರಂತರ ನಿಗಾದಲ್ಲಿ ಒಂದೇ ಸೂರಿನಡಿ ಬಾಳಬೇಕೆಂಬುದು ಸಂಸ್ಥೆಯ ಉದ್ದೇಶ. ದೊಡ್ಡ ಆಸ್ಪತ್ರೆಯ ಸಾಲುಮಂಚಗಳಲ್ಲಿ ಅಲ್ಲ, ಎಲ್ಲರಂತೆ ಒಂದು ಬೀದಿಯಲ್ಲಿ. ಆಸೆ ಕೊಂಚ ಅತಿಯಾಯಿತು ಎಂದು ನಗರಸಭೆಗೆ ತಕ್ಷಣ ಹೊಳೆಯಿತು.

ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂದು ಹೇಳುವ, ಆ ಪ್ರದೇಶದ ಅಂದಿನ ವಲಯ ನಿಯಮಗಳನ್ನು ಓದುವುದೇ ಒಂದು ಸೊಗಸು. ಅಪಾರ್ಟ್‌ಮೆಂಟ್ ಕಟ್ಟಬಹುದು. ಊಟ ವಸತಿಯ ಗೃಹ ನಡೆಸಬಹುದು. ಹಾಸ್ಟೆಲ್ ತೆರೆಯಬಹುದು. ಕಾಲೇಜು ಹುಡುಗರ ಸಂಘದ ಮನೆಗೂ ಅಡ್ಡಿಯಿಲ್ಲ. ಅಮೆರಿಕದಲ್ಲಿ ಅಂಥ ಮನೆಗಳ ಪಕ್ಕದಲ್ಲಿ ಶನಿವಾರ ರಾತ್ರಿ ಕಳೆದವರಿಗೆ ಇದರ ಔದಾರ್ಯ ಇನ್ನೂ ಚೆನ್ನಾಗಿ ಅರ್ಥವಾದೀತು. ಆಸ್ಪತ್ರೆ, ವೃದ್ಧಾಶ್ರಮ, ಖಾಸಗಿ ಕ್ಲಬ್ಬು, ಧರ್ಮಸಂಸ್ಥೆ ಎಲ್ಲಕ್ಕೂ ಸ್ವಾಗತ. ವಿಶೇಷ ಪರವಾನಗಿ ಬೇಕಾದದ್ದು ಹುಚ್ಚರ, ಮಂದಬುದ್ಧಿಯವರ, ಕುಡುಕರ ಮತ್ತು ಮಾದಕ ವ್ಯಸನಿಗಳ ಆಸ್ಪತ್ರೆಗೆ, ಹಾಗೂ ಸೆರೆಮನೆಗೆ. ಇವೆಲ್ಲ ಒಂದೇ ಸಾಲಿನಲ್ಲಿ, ಒಂದೇ ಉಸಿರಿನಲ್ಲಿ. 13 ಮಂದಿ ಸೇರಿ ಅನ್ನ ಬೇಯಿಸಿಕೊಂಡು ಟಿ.ವಿ. ನೋಡುವ ಮನೆ ಯಾವ ಗುಂಪಿಗೆ ಸೇರುತ್ತದೆ ಎಂಬ ಪ್ರಶ್ನೆ ಬಂದಾಗ ಅಧಿಕಾರಿಗಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮಂದಬುದ್ಧಿಯವರ ಆಸ್ಪತ್ರೆ ಎಂದು ಬರೆದರು. ಮನೆಯೊಳಗೆ ವೈದ್ಯರಿಲ್ಲ, ವಾರ್ಡಿಲ್ಲ, ಔಷಧದ ವಾಸನೆಯೂ ಇಲ್ಲ ಎಂಬುದು ಸಣ್ಣ ವಿಷಯ. ಕಡತದಲ್ಲಿ ಆಸ್ಪತ್ರೆ ಆದ ಮೇಲೆ ಅದು ಆಸ್ಪತ್ರೆಯೇ.

ಪರವಾನಗಿಗೆ ಅರ್ಜಿ ಹಾಕುವವರು ಮನೆಯ ಸುತ್ತ 200 ಅಡಿಯೊಳಗಿನ ಆಸ್ತಿದಾರರ ಸಹಿ ತರಬೇಕಿತ್ತು. ಸಿಕ್ಕಿದ ಪರವಾನಗಿಯನ್ನು ವರ್ಷ ವರ್ಷವೂ ನವೀಕರಿಸಿಕೊಳ್ಳಬೇಕಿತ್ತು. ಅಂದರೆ ಒಬ್ಬ ವಯಸ್ಕ ಮನುಷ್ಯ ತನ್ನ ಹಾಸಿಗೆಯಲ್ಲಿ ಮುಂದಿನ ವರ್ಷವೂ ಮಲಗಬಹುದೇ ಎಂಬುದು ವರ್ಷಕ್ಕೊಮ್ಮೆ ಕಡತಕ್ಕೆ ಬರುವ ಸಂಗತಿ. ನಮ್ಮ ಊರುಗಳಲ್ಲಿ ಇಷ್ಟೊಂದು ಕಾಗದ ಖರ್ಚಾಗುವುದಿಲ್ಲ. ಬಾಡಿಗೆಗೆ ಮನೆ ಕೇಳಲು ಬಂದವರನ್ನು ‘ನೀವು ಯಾವ ಜನ?’ ಎಂದು ಬಾಗಿಲಲ್ಲೇ ವಿಚಾರಿಸಿ ಮುಗಿಸುತ್ತೇವೆ. ಅರ್ಜಿಯಿಲ್ಲ, ಶುಲ್ಕವಿಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ.

ಕ್ಲೆಬರ್ನ್‌ನವರು ಹಾಗಲ್ಲ, ಸಾರ್ವಜನಿಕ ವಿಚಾರಣೆ ನಡೆಸಿದರು. ಆಮೇಲೆ ಮೂರಕ್ಕೆ ಒಂದು ಮತದಿಂದ ಪರವಾನಗಿ ನಿರಾಕರಿಸಿದರು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಅವರ ಹೃದಯ ವೈಶಾಲ್ಯ ತಾನೇ ತಾನಾಗಿ ಕಾಣುತ್ತದೆ.

ಸುತ್ತಲಿನ ಹೆಚ್ಚಿನ ಆಸ್ತಿದಾರರಿಗೆ ಮನಸ್ಸಿಲ್ಲ, ಬೀದಿಯ ವಯಸ್ಸಾದವರಿಗೆ ಭಯ ಎಂಬುದು ಮೊದಲನೆಯದು. ಮನಸ್ಸಿಲ್ಲ ಎನ್ನುವುದು ಕಾರಣವಾದರೆ ಯಾವ ನಗರಸಭೆಗೂ ಇನ್ನು ಕೆಲಸವಿರುವುದಿಲ್ಲ, ಸಹಿ ಎಣಿಸಿದರೆ ಸಾಕು. ಅದೇ ನಿವೇಶನದಲ್ಲಿ ವೃದ್ಧಾಶ್ರಮಕ್ಕೆ ಅಭ್ಯಂತರವಿರಲಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಶಾಲೆಯ ಕಾರಣ ಇದಕ್ಕಿಂತ ಮಧುರವಾದದ್ದು. ಮನೆಯ ಎದುರಿಗೇ ಒಂದು ಜೂನಿಯರ್ ಹೈಸ್ಕೂಲು. ಅಲ್ಲಿನ ಹುಡುಗರು ಈ ಮನೆಯವರನ್ನು ಪೀಡಿಸಬಹುದು ಎಂದು ಸಭಾಸದರು ಕಳವಳಪಟ್ಟರು. ಹುಡುಗರಿಗೆ ಬುದ್ಧಿ ಹೇಳುವ ಕಷ್ಟವನ್ನು ಯಾರು ತೆಗೆದುಕೊಳ್ಳುತ್ತಾರೆ? ಪೀಡೆಗೆ ಒಳಗಾಗುವವರೇ ಇಲ್ಲವಾದರೆ ಪೀಡೆಯೂ ಇಲ್ಲ. ಆದರೆ ಅದೇ ಶಾಲೆಯಲ್ಲಿ ಬುದ್ಧಿಯ ಬೆಳವಣಿಗೆ ಹಿಂದುಳಿದ ಸುಮಾರು 30 ಮಕ್ಕಳು ಆಗಲೇ ಓದುತ್ತಿದ್ದರು! ಹಗಲೆಲ್ಲ ಅದೇ ಹುಡುಗರ ಜೊತೆ, ಅದೇ ಪಡಸಾಲೆಗಳಲ್ಲಿ, ಅದೇ ಆಟದ ಬಯಲಿನಲ್ಲಿ. ಅಪಾಯ ಕಾದಿದ್ದದ್ದು ರಸ್ತೆಯ ಈಚೆ ಬದಿಯಲ್ಲಿ ಮಾತ್ರ ಎಂದು ತೋರುತ್ತದೆ.

ಇನ್ನು ಪ್ರವಾಹ. ನಗರಸಭೆಗಳ ಕಲ್ಪನಾಶಕ್ತಿಯ ಬಗ್ಗೆ ಯಾರಿಗಾದರೂ ಸಂಶಯವಿದ್ದರೆ ಇಲ್ಲಿ ನಿಲ್ಲಬೇಕು. ಆ ಮನೆ ಐನೂರು ವರ್ಷದ ಪ್ರವಾಹ ವಲಯದಲ್ಲಿದೆಯಂತೆ. ಅಂದರೆ ಯಾವುದೇ ಒಂದು ವರ್ಷದಲ್ಲಿ ಅಲ್ಲಿ ನೀರು ನುಗ್ಗುವ ಸಂಭವ 500ರಲ್ಲಿ ಒಂದು. ಅಂಥ ದಿನ ಬಂದಾಗ 13 ಮಂದಿಯನ್ನು ಹೊರಗೆ ಸಾಗಿಸುವುದು ಕಷ್ಟ ಎಂದು ಸಭಾಸದರ ಎದೆ ಒದ್ದಾಡಿತು. ಇತ್ತ ಬೆಂಗಳೂರಿನ ಯಮಲೂರಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ಕೋಟ್ಯಧಿಪತಿಗಳು ತಮ್ಮ ಬಂಗಲೆಗಳಿಂದ ಟ್ರ್ಯಾಕ್ಟರ್ ಹತ್ತಿ ಹೊರಬಿದ್ದರು. ಆ ಬಡಾವಣೆಗಳಿಗೆ ನಕ್ಷೆ ಮಂಜೂರು ಮಾಡುವಾಗ ಯಾರ ಎದೆಯೂ ಒದ್ದಾಡಿದ ದಾಖಲೆಯಿಲ್ಲ.

ಅದಿರಲಿ. ಹಾಸಿಗೆ ಹಿಡಿದ ಮುದುಕರ ಶುಶ್ರೂಷಾಲಯವೊಂದು ಅದೇ ಜಾಗಕ್ಕೆ ಬಂದಿದ್ದರೆ ಈ ವಿಶೇಷ ಪರವಾನಗಿಯ ಮಾತೇ ಇರಲಿಲ್ಲ. ಎದ್ದು ಕೂರಲಾಗದವರನ್ನು ನೀರಿನಿಂದ ಎತ್ತಿ ಸಾಗಿಸುವುದು ಸುಲಭ, ಎರಡು ಕಾಲಿನಲ್ಲಿ ನಡೆಯುವವರನ್ನು ಸಾಗಿಸುವುದು ಕಷ್ಟ. ಈ ಲೆಕ್ಕ ಸರಿಹೋಗಬೇಕಾದರೆ ಕ್ಲೆಬರ್ನ್‌ನ ಪ್ರವಾಹಕ್ಕೆ ಓದು ಬರಹ ಬರುತ್ತಿರಬೇಕು. ಐನೂರು ವರ್ಷ ಕಾದು ಬೀದಿಗೆ ಬರುತ್ತದೆ, ಗೇಟಿನ ಬಳಿ ನಿಂತು ಫಲಕ ಓದುತ್ತದೆ. ‘ವೃದ್ಧಾಶ್ರಮ’ ಎಂದಿದ್ದರೆ ಕ್ಷಮೆ ಕೇಳಿ ಚರಂಡಿಗೆ ಇಳಿಯುತ್ತದೆ. ‘ಹಾಸ್ಟೆಲ್’ ಎಂದಿದ್ದರೆ ಮಕ್ಕಳ ಪರೀಕ್ಷೆ ಹಾಳಾದೀತೆಂದು ಸದ್ದಿಲ್ಲದೆ ಹೋಗುತ್ತದೆ. ಬುದ್ಧಿಮಾಂದ್ಯರ ಮನೆ ಎಂದು ಖಚಿತವಾದರೆ ಮಾತ್ರ ಒಳಗೆ ನುಗ್ಗುತ್ತದೆ.

ಮನೆಯಲ್ಲಿ ಜನ ಹೆಚ್ಚಾಯಿತು ಎಂಬ ಚಿಂತೆಯೂ ಇತ್ತು. ಅದೇ ನಾಲ್ಕು ಕೋಣೆಗಳಲ್ಲಿ 13 ಕಾಲೇಜು ಹುಡುಗರು ಇದ್ದರೆ ಈ ಚಿಂತೆ ಹುಟ್ಟುತ್ತಿರಲಿಲ್ಲ. ಬೀದಿಯ ನೆಮ್ಮದಿ, ಬೆಂಕಿಯ ಅಪಾಯ ಇತ್ಯಾದಿಗಳೂ ಆಮೇಲೆ ಬಂದು ಸೇರಿಕೊಂಡವು. ಒಂದು ಕಾರಣ ಸಾಲದು ಎಂದು ಅನ್ನಿಸಿದಾಗ ಐದಾರು ಹೇಳುವುದು ಎಲ್ಲ ದೇಶಗಳ ಕಚೇರಿಗಳ ಪದ್ಧತಿ.

ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಮನೆ ಇದೇ ಇದ್ದು, ವಾಸಿಸುವವರು ಮಾತ್ರ ಬೇರೆಯವರಾಗಿದ್ದರೆ ಅನುಮತಿ ಸಿಗುತ್ತಿತ್ತು ಎಂದು ಜಿಲ್ಲಾ ನ್ಯಾಯಾಲಯವೇ ಕಂಡುಕೊಂಡಿತು. ಕಂಡುಕೊಂಡು, ನಗರಸಭೆಯದೇ ಸರಿ ಎಂದಿತು. ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿತು. ಕೊನೆಗೆ ಪ್ರಕರಣ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಗಿ 1985ರ ಜುಲೈ 1ರಂದು ತೀರ್ಪು ಬಂತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಇಂಥವರಿಗೆ ಸಂಬಂಧಿಸಿದ ಕಾನೂನುಗಳನ್ನು ನ್ಯಾಯಾಲಯ ವಿಶೇಷ ಅನುಮಾನದಿಂದ ನೋಡಬೇಕಿಲ್ಲ, ಸರ್ಕಾರ ಒಂದು ಸಮಂಜಸ ಕಾರಣ ತೋರಿಸಿದರೆ ಸಾಕು ಎಂದು ಅವರು ಮೊದಲು ರಿಯಾಯಿತಿ ಕೊಟ್ಟರು. ಅಮೆರಿಕದ ಸಂವಿಧಾನದಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಕ್ಲೆಬರ್ನ್ ಅದರಲ್ಲೂ ಫೇಲಾಯಿತು. ಐದಾರು ಕಾರಣಗಳನ್ನು ಸೋಸಿದ ಮೇಲೆ ಉಳಿದದ್ದು ಬುದ್ಧಿಗೆ ಒಪ್ಪದ ಪೂರ್ವಗ್ರಹ ಒಂದೇ ಎಂದು ಕೋರ್ಟು ಹೇಳಿತು. ಈ ಪರವಾನಗಿ ಕೇಳಿದ್ದು ತಪ್ಪು ಎಂಬಲ್ಲಿ ಯಾವ ನ್ಯಾಯಮೂರ್ತಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಆದರೆ ಕೋರ್ಟು ರದ್ದು ಮಾಡಿದ್ದು ಕಾನೂನನ್ನಲ್ಲ, ಈ ಮನೆಗೆ ಅದನ್ನು ಅನ್ವಯಿಸಿದ್ದನ್ನು ಮಾತ್ರ. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಪ್ರತ್ಯೇಕ ಅಭಿಪ್ರಾಯ ಬರೆದು ಇದಕ್ಕೆ ತಕರಾರು ತೆಗೆದರು. ಕಪ್ಪು ಜನರನ್ನು ಬೇರೆಯಿಟ್ಟ ಕಾನೂನುಗಳ ವಿರುದ್ಧ ಹಿಂದೆ ವಕೀಲರಾಗಿ ದಶಕಗಳ ಕಾಲ ಹೋರಾಡಿದವರು ಅವರು. ಬುದ್ಧಿಮಾಂದ್ಯರನ್ನು ಊರಾಚೆ ಇಟ್ಟ ಚರಿತ್ರೆ ಅದಕ್ಕೆ ಕಡಿಮೆಯದಲ್ಲ ಎಂದರು. ಹಳೆಯ ಸಾಲು ಪುಸ್ತಕದಲ್ಲೇ ಇರುವಾಗ ಮುಂದಿನ ಅರ್ಜಿದಾರ ಮತ್ತೆ ಮೊದಲಿನಿಂದ ಹೊರಡಬೇಕಲ್ಲವೇ? ಸಹಿ, ವಿಚಾರಣೆ, ಮತ, ಜಿಲ್ಲಾ ನ್ಯಾಯಾಲಯ, ಮೇಲಿನ ನ್ಯಾಯಾಲಯ, ವಾಷಿಂಗ್ಟನ್. ಒಂದು ಬಾಡಿಗೆ ಮನೆಗೆ ಐದು ವರ್ಷ.

1988ರಲ್ಲಿ ಅಮೆರಿಕದ ಸಂಸತ್ತು ವಸತಿ ಕಾನೂನಿಗೆ ತಿದ್ದುಪಡಿ ತಂದು ಅಂಗವಿಕಲರಿಗೆ ಮನೆ ಕೊಡುವಲ್ಲಿ ತಾರತಮ್ಯ ಮಾಡಬಾರದೆಂದಿತು. ನಗರಸಭೆಗಳು ಹೆದರಿ ಸುಮ್ಮನಾದವು ಎಂದುಕೊಂಡರೆ ನಗರಸಭೆಗಳನ್ನು ನೀವು ಅರಿತಿಲ್ಲ. ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ನಿಯಮದ ಪ್ರಕಾರ ಇಂಥ ಎರಡು ಆರೈಕೆ ಮನೆಗಳ ನಡುವೆ ಕಾಲು ಮೈಲಿ ಅಂತರ ಇರಬೇಕಿತ್ತು, ಅಂದರೆ 1320 ಅಡಿ. ಉದ್ದೇಶ ಅತ್ಯುತ್ತಮವಾದದ್ದು: ಇವರೆಲ್ಲ ಒಂದೇ ಕಡೆ ಗುಂಪುಗೂಡದೆ ಸಮಾಜದಲ್ಲಿ ಬೆರೆಯಲಿ. ಬೆರೆಯುವಿಕೆಯನ್ನು ಅಡಿಕೋಲಿನಿಂದ ಅಳೆಯಬಹುದು ಎಂದು ಯಾರಿಗೂ ಅದುವರೆಗೆ ಹೊಳೆದಿರಲಿಲ್ಲ. ದಂತವೈದ್ಯರು, ವಕೀಲರು ಒಂದೇ ಬೀದಿಯಲ್ಲಿ ಸಾಲಾಗಿ ವಾಸಿಸಿದರೆ ಅವರು ಸಮಾಜದಲ್ಲಿ ಬೆರೆಯಲಾರರೆಂದು ಯಾವ ಊರೂ ಆತಂಕಪಟ್ಟ ಹಾಗಿಲ್ಲ. 1991ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಈ ಅಡಿಕೋಲನ್ನು ಎತ್ತಿಹಿಡಿಯಿತು.

ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರ ಇನ್ನೂ ಜಾಣತನ ತೋರಿತು. ಅದು ರೋಗಿ, ವ್ಯಸನಿ ಎಂಬ ಗೋಜಿಗೇ ಹೋಗಲಿಲ್ಲ. ಕುಟುಂಬ ಎಂದರೇನು ಎಂದು ಬರೆಯಿತು. ರಕ್ತಸಂಬಂಧ, ಮದುವೆ, ದತ್ತು ಇವುಗಳಿಂದ ಸಂಬಂಧಿಗಳಾದವರು ಎಷ್ಟು ಮಂದಿ ಇದ್ದರೂ ಒಂದು ಕುಟುಂಬ. ಸಂಬಂಧವಿಲ್ಲದವರಾದರೆ ಐವರವರೆಗೆ ಮಾತ್ರ. ನಮ್ಮ ಕಡೆಯ ಅವಿಭಕ್ತ ಕುಟುಂಬವೊಂದು ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪಂದಿರು, ಸೋದರತ್ತೆಯರ ಸಮೇತ ಇಪ್ಪತ್ತೆಂಟು ಮಂದಿ ಅಲ್ಲಿಗೆ ಹೋಗಿ ಒಂದೇ ಮನೆಯಲ್ಲಿ ಇಳಿದು, ಆಸ್ತಿಯ ಪಾಲಿಗಾಗಿ ಮಧ್ಯರಾತ್ರಿಯವರೆಗೆ ಜಗಳವಾಡಿದರೂ ವಲಯ ನಿಯಮದ ದೃಷ್ಟಿಯಲ್ಲಿ ಅದು ಮಾದರಿ ಸಂಸಾರ.

1990ರಲ್ಲಿ ಅದೇ ಊರಿನಲ್ಲಿ ಆಕ್ಸ್‌ಫರ್ಡ್ ಹೌಸ್ ಎಂಬ ಹೆಸರಿನ ಮನೆ ತೆರೆಯಿತು. ಕುಡಿತ ಮತ್ತು ಮಾದಕ ವಸ್ತು ಬಿಟ್ಟು ಚೇತರಿಸಿಕೊಳ್ಳುತ್ತಿದ್ದ ಹತ್ತು ಹನ್ನೆರಡು ಮಂದಿಗಾಗಿ ಇದ್ದ ಮನೆ ಅದು. ಐದು ಎಂದರೆ ಐದು ಎಂದ ನಗರಸಭೆ ಮನೆಯ ಮಾಲೀಕರ ಮೇಲೂ ವಾಸಿಯೊಬ್ಬರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಿತು. ಕುಡಿಯುತ್ತಿದ್ದಾಗ ಅವರ ಮೇಲೆ ಯಾವ ಮೊಕದ್ದಮೆಗಳಿದ್ದವೋ ಏನೋ, ಕುಡಿತ ಬಿಟ್ಟ ಮೇಲಂತೂ ಒಂದು ಬಿತ್ತು. ಇದೂ ಸುಪ್ರೀಂ ಕೋರ್ಟು ಹತ್ತಿತು. ಕೋಣೆಯಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂದು ಹೇಳುವ ನಿಯಮ ಬೇರೆ, ಯಾರು ಕುಟುಂಬ ಎಂದು ಹೇಳುವ ನಿಯಮ ಬೇರೆ. ಎರಡನೆಯದಕ್ಕೆ ವಸತಿ ಕಾನೂನಿನಿಂದ ವಿನಾಯಿತಿ ಸಿಗದು ಎಂದು 1995ರಲ್ಲಿ ತೀರ್ಪಾಯಿತು.

ಅಷ್ಟು ವರ್ಷ ಕೋರ್ಟು ಅಲೆಯುವ ಅಗತ್ಯವೇ ಇರಲಿಲ್ಲ ಎಂದು ನನಗನ್ನಿಸುತ್ತದೆ. ನಗರಸಭೆಯೇ ಬರೆದ ನಿಯಮದಲ್ಲಿ ದತ್ತು ಎಂಬ ಮಾತು ಸ್ಪಷ್ಟವಾಗಿತ್ತು. ಅವರಲ್ಲಿ ಹಿರಿಯರೊಬ್ಬರು ಉಳಿದ ಹನ್ನೊಂದು ಮಂದಿಯನ್ನು ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಂಡು ಕಾಗದಗಳನ್ನು ಕಚೇರಿಯ ಮೇಜಿನ ಮೇಲೆ ಇಟ್ಟಿದ್ದರೆ, ಗುಮಾಸ್ತ ಅಭಿನಂದನೆ ಹೇಳಿ ಮುದ್ರೆ ಒತ್ತಬೇಕಾಗುತ್ತಿತ್ತು.